ಒಳಗೆ ಯಾರೂ ಕೂರದ ವಿಮಾನ

ನಮ್ಮ ಮನೆಯ ನಡುಮನೆಯಲ್ಲಿ ಎರಡು ವರ್ಷ ಕಾಲ ಒಂದು ವಿಮಾನ ಮಲಗಿತ್ತು. ಹಾಲಿನವನಿಂದ ಹಿಡಿದು ಬೀಗರವರೆಗೆ ಯಾರೇ ಬರಲಿ, ಅದರ ಬಾಲವನ್ನು ಬಳಸಿಕೊಂಡೇ ಒಳಗೆ ಬರಬೇಕಾಗಿತ್ತು. ಎರಡೂ ರೆಕ್ಕೆ ಜೋಡಿಸಿದರೆ ತುದಿಯಿಂದ ತುದಿಗೆ 8 ಅಡಿ 9 ಅಂಗುಲಕ್ಕೂ ತುಸು ಹೆಚ್ಚು. ನಡುಮನೆಯ ಅಗಲ 10 ಅಡಿ. ರೆಕ್ಕೆ ಜೋಡಿಸಿ ನೋಡಬೇಕಾದ ದಿನ ಕುರ್ಚಿ ಮೇಜುಗಳೆಲ್ಲ ಅಂಗಳಕ್ಕೆ ಹೋಗುತ್ತಿದ್ದವು, ನನ್ನ ಮನೆಯಾಕೆ ಅಕ್ಕನ ಮನೆಗೆ ಹೋಗುತ್ತಿದ್ದಳು. ಎಪ್ಪತ್ತರ ಗಡಿಯಲ್ಲಿರುವ ಮನುಷ್ಯನಿಗೆ ಇದೆಂಥ ಹುಚ್ಚು ಎಂದು ಕೇಳಿದವರ ಮುಂದೆ ನಾನು ಒಮ್ಮೆ ನಕ್ಕು ಸುಮ್ಮನಾಗುತ್ತಿದ್ದೆ. ಹುಚ್ಚಿಗೆ ಕಾರಣ ಹೇಳುವುದು ಕಷ್ಟ. ಆದರೆ ಆ ವಿಮಾನ ನನ್ನನ್ನು ಒಂದು ಪ್ರಶ್ನೆಯ ಮುಂದೆ ತಂದು ನಿಲ್ಲಿಸಿತು. ಅದನ್ನು ಮಾತ್ರ ಹೇಳಬೇಕು ಎನ್ನಿಸಿದೆ.

ಮೊದಲು ವಿಮಾನದ ಪರಿಚಯ. ಅದು ಎಚ್‌ಟಿ-2ರ ಕಾಲಳತೆಯ ಮಾದರಿ. ಎಚ್‌ಟಿ-2 ಎಂದರೆ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ನಮ್ಮವರೇ ರೂಪಿಸಿ ಕಟ್ಟಿದ ತರಬೇತಿ ವಿಮಾನ. ಒಂದರ ಹಿಂದೊಂದು ಎರಡು ಆಸನ, ಹೊಟ್ಟೆಯ ಮಟ್ಟದಲ್ಲಿ ರೆಕ್ಕೆ, ಮೈಯೆಲ್ಲ ಲೋಹ. 1951ರ ಆಗಸ್ಟ್ 5ರಂದು ಅದು ಮೊದಲ ಬಾರಿಗೆ ಹಾರಿತು. ಅದರ ವಿನ್ಯಾಸದ ಹೊಣೆ ಹೊತ್ತವರು ಡಾ. ವಿ. ಎಂ. ಘಾಟಗೆ, ಜರ್ಮನಿಯ ಗಟಿಂಗೆನ್‌ನಲ್ಲಿ ಲುಡ್ವಿಗ್ ಪ್ರಾಂಟ್ಲ್ ಅವರ ಶಿಷ್ಯರಾಗಿದ್ದವರು. ನನ್ನ ಸೋದರಮಾವ ಆ ಕಾರ್ಖಾನೆಯಲ್ಲಿ ರಿವೆಟ್ ಹೊಡೆಯುವ ಕೆಲಸದಲ್ಲಿದ್ದರು. ಬೇಸಿಗೆ ರಜಕ್ಕೆ ಅವರ ಮನೆಗೆ ಹೋದಾಗ ತಲೆಯ ಮೇಲೆ ಹಾರುವ ವಿಮಾನವನ್ನು ತೋರಿಸಿ, ‘ಅದರ ರೆಕ್ಕೆಯೊಳಗೆ ನನ್ನ ಕೈಯಿದೆ ನೋಡೋ’ ಎನ್ನುತ್ತಿದ್ದರು. ರೆಕ್ಕೆಯ ತಗಡು ಮುಚ್ಚುವ ಮುಂಚೆ ಇನ್ಸ್‌ಪೆಕ್ಟರು ಬಂದು, ಒಳಗೆಲ್ಲ ಬ್ಯಾಟರಿ ಬಿಟ್ಟು ನೋಡಿ, ಮೊಹರು ಹಾಕಬೇಕಾಗಿತ್ತಂತೆ. ಮೊಹರಿಲ್ಲದೆ ಮುಚ್ಚಿದ್ದನ್ನು ಅವತ್ತೇ ಬಿಚ್ಚಿಸುತ್ತಿದ್ದರಂತೆ. ಆ ಮಾತು ಹುಡುಗನ ಕಿವಿಯಲ್ಲಿ ಉಳಿದುಬಿಟ್ಟಿತ್ತು.

ಮಾದರಿ ಎಂದ ಕೂಡಲೇ ಆಟಿಕೆ ಎಂದು ಓದುಗರು ತಿಳಿಯಬಾರದು. ಹವ್ಯಾಸಿಗಳ ಲೆಕ್ಕದಲ್ಲಿ ಒಂದು ಜೊತೆ ರೆಕ್ಕೆಯ ಮಾದರಿ 80 ಅಂಗುಲ ಮುಟ್ಟಿದರೆ ಅದು ದೈತ್ಯ ವರ್ಗಕ್ಕೆ ಸೇರಿತು. ನನ್ನದು 105 ಅಂಗುಲ. ಮೂಗಿನಲ್ಲಿ 62 ಸಿಸಿಯ ಎರಡು ಸ್ಟ್ರೋಕಿನ ಪೆಟ್ರೋಲ್ ಎಂಜಿನ್. ಮರ ಕೊಯ್ಯುವ ಯಂತ್ರಗರಗಸದ ಎಂಜಿನ್ನಿನ ದಾಯಾದಿ. ಅದಕ್ಕೆ 22 ಅಂಗುಲದ ಮರದ ಪ್ರೊಪೆಲರ್. ನಿಮಿಷಕ್ಕೆ 7,000 ಸುತ್ತು ಹಾಕುವಾಗ ಆ ಪ್ರೊಪೆಲರಿನ ತುದಿ ಗಂಟೆಗೆ 700 ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ಹೋಗುತ್ತಿರುತ್ತದೆ. ಬೆರಳು ಸಿಕ್ಕಿದರೆ ಬೆರಳು, ಕೈ ಸಿಕ್ಕಿದರೆ ಕೈ. ಪೆಟ್ರೋಲ್ ತುಂಬಿದ ವಿಮಾನದ ತೂಕ 11 ಕಿಲೋ. ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಅದು ಬಂದು ಬಡಿಯಿತೆನ್ನಿ, 11 ಕಿಲೋ ಕಲ್ಲನ್ನು ಹತ್ತು ಅಂತಸ್ತಿನ ಕಟ್ಟಡದ ಮೇಲಿಂದ ಕೈಬಿಟ್ಟಷ್ಟು ಪೆಟ್ಟು. ಈ ಲೆಕ್ಕವನ್ನು ನಾನು ಒಂದು ರಾತ್ರಿ ಕಾಗದದ ಮೇಲೆ ಮಾಡಿ ನೋಡಿ, ಮನೆಯಾಕೆಗೆ ಹೇಳದೆ ಕಾಗದವನ್ನು ಮಡಿಸಿಟ್ಟೆ.

ಕಟ್ಟುವುದು ಸುಖದ ಕೆಲಸ. ಈಕ್ವೆಡಾರಿನಿಂದ ಬರುವ ಬಾಲ್ಸಾ ಮರ ಹಗುರ, ಬ್ಲೇಡಿಗೆ ಬೆಣ್ಣೆಯಂತೆ ಸಿಗುತ್ತದೆ. ಪಕ್ಕೆಲುಬುಗಳನ್ನು ಒಂದೊಂದಾಗಿ ಕೊಯ್ದು, ಉಜ್ಜಿ, ತೊಲೆಗೆ ಪೋಣಿಸುತ್ತ ಹೋದರೆ ಸಂಜೆ ಕಳೆದದ್ದೇ ತಿಳಿಯುವುದಿಲ್ಲ. ಕಷ್ಟ ಇರುವುದು ಆಮೇಲೆ, ಅದನ್ನು ಸಜ್ಜುಗೊಳಿಸುವುದರಲ್ಲಿ. ಅಲ್ಲಿಂದ ಮುಂದೆ ಪ್ರತಿಯೊಂದು ಕೆಲಸವೂ ‘ಇದು ಕೈಕೊಟ್ಟರೆ?’ ಎಂಬ ಪ್ರಶ್ನೆಯಿಂದಲೇ ಶುರುವಾಗುತ್ತದೆ.

ಪೆಟ್ರೋಲ್ ಟ್ಯಾಂಕಿಯನ್ನೇ ನೋಡಿ. ವಿಮಾನ ಮಗುಚಿದಾಗಲೂ ಎಂಜಿನ್ನಿಗೆ ಪೆಟ್ರೋಲ್ ಸಿಗಬೇಕು. ಅದಕ್ಕೆ ಟ್ಯಾಂಕಿಯೊಳಗೆ ಒಂದು ಮೆತ್ತನೆಯ ಕೊಳವೆ, ಅದರ ತುದಿಗೆ ಒಂದು ಭಾರದ ಗುಂಡು. ಪೆಟ್ರೋಲ್ ಯಾವ ಕಡೆಗೆ ಹೊರಳಿದರೆ ಗುಂಡೂ ಆ ಕಡೆಗೇ ಹೊರಳುತ್ತದೆ. ನಾನು ಮೊದಲ ಸಲ ಕೈಗೆ ಸಿಕ್ಕಿದ ಸಿಲಿಕೋನ್ ಕೊಳವೆ ಹಾಕಿದೆ. ಮೆಥನಾಲಿನಲ್ಲಿ ಓಡುವ ಸಣ್ಣ ಮಾದರಿಗಳಿಗೆ ಅದೇ ಸರಿ. ಪೆಟ್ರೋಲಿಗೆ ಅದು ಆಗದು. ಕೆಲವೇ ದಿನಗಳಲ್ಲಿ ಕೊಳವೆ ಉಬ್ಬಿ, ನೀರಲ್ಲಿ ನೆನೆದ ಕಡಲೆಯಂತಾಗಿತ್ತು. ಪೆಟ್ರೋಲ್ ತಾಳುವ ಹಳದಿ ಕೊಳವೆ ತರಿಸಿ ಎಲ್ಲವನ್ನೂ ಬದಲಾಯಿಸಿದೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರಕೆ ಇರುವುದರಿಂದ ಹಾರಾಟ ಮುಗಿದೊಡನೆ ಟ್ಯಾಂಕಿಯನ್ನು ಬರಿದು ಮಾಡಿಡುವ ಇನ್ನೊಂದು ಶಿಸ್ತೂ ಸೇರಿಕೊಂಡಿತು. ಇಂಧನಕ್ಕೆ ಎಣ್ಣೆ ಬೆರೆಸುವುದು ಲೀಟರಿಗೆ 25 ಮಿಲಿಲೀಟರ್. ಅದನ್ನು ಅಂದಾಜಿನ ಮೇಲೆ ಸುರಿಯುವಂತಿಲ್ಲ.

ಇನ್ನು ಕಿಡಿ. ಪೆಟ್ರೋಲ್ ಎಂಜಿನ್ನಿಗೆ ಕಿಡಿ ಬೇಕು, ಆ ಕಿಡಿಯೇ ಒಂದು ಸಣ್ಣ ರೇಡಿಯೋ ಕೇಂದ್ರದಂತೆ ಗದ್ದಲ ಎಬ್ಬಿಸುತ್ತದೆ. ನೆಲದ ಮೇಲಿನ ನನ್ನ ಆಜ್ಞೆ ವಿಮಾನಕ್ಕೆ ಮುಟ್ಟುವುದೂ ರೇಡಿಯೋದಿಂದಲೇ. ಒಂದೇ ಮನೆಯಲ್ಲಿ ಒಬ್ಬ ಕೂಗಾಡುವವ, ಒಬ್ಬ ಕಿವಿಗೊಟ್ಟು ಕೇಳುವವ ಇದ್ದಂತೆ! ಆದ್ದರಿಂದ ಕಿಡಿಯ ಸಲಕರಣೆಯೆಲ್ಲ ಮೂಗಿನ ಕಡೆ, ರೇಡಿಯೋ ಗ್ರಾಹಕ ಅದರಿಂದ ಒಂದಡಿಗೂ ಹಿಂದೆ. ಕಿಡಿಗೆ ಬೇರೆ ಬ್ಯಾಟರಿ, ಗ್ರಾಹಕಕ್ಕೆ ಬೇರೆ. ಕಾರ್ಬ್ಯುರೇಟರಿಗೆ ಹೋಗುವ ಸರಳು ಲೋಹದ್ದಾಗಕೂಡದು, ನೈಲಾನಿನದಾಗಬೇಕು. ಗ್ರಾಹಕಕ್ಕೆ ಒಂದರ ಬದಲು ಎರಡು ಬ್ಯಾಟರಿ, ಎರಡು ಸ್ವಿಚ್ಚು. ಒಂದು ಸತ್ತರೆ ಇನ್ನೊಂದು. ಎಂಜಿನ್ನಿನ ಅದುರಾಟಕ್ಕೆ ತಿರುಪುಗಳೆಲ್ಲ ತಾವಾಗಿಯೇ ಸಡಿಲವಾಗುವುದರಿಂದ ಪ್ರತಿಯೊಂದಕ್ಕೂ ಒಂದು ತೊಟ್ಟು ಬಿಗಿಯಂಟು. ಕೊನೆಯದಾಗಿ ಗ್ರಾಹಕಕ್ಕೆ ಒಂದು ಪಾಠ ಹೇಳಿಕೊಡಬೇಕು: ನನ್ನ ದನಿ ನಿನಗೆ ಕೇಳಿಸದೆ ಹೋದರೆ, ಎಂಜಿನ್ನನ್ನು ಇಳಿಸಿಬಿಡು. ಊರಿಗೆ ಹೋಗುವ ಅಪ್ಪ ಮನೆಯಲ್ಲಿ ಉಳಿಯುವ ಮಗನಿಗೆ ಹೇಳುವ ಮಾತಿನ ಹಾಗೆ.

ಇಷ್ಟೆಲ್ಲ ನಡೆಯುತ್ತಿದ್ದಾಗಲೂ ನನಗೆ ಆ ಪ್ರಶ್ನೆ ಹೊಳೆದಿರಲಿಲ್ಲ. ಅದನ್ನು ಕೇಳಿದವನು ಆಡು ಮೇಯಿಸುವ ಒಬ್ಬ ಹುಡುಗ.

ನಾವು ಮೂರು ನಾಲ್ಕು ಜನ ಹವ್ಯಾಸಿಗಳು ಹಾರಿಸುವುದು ಊರಾಚೆಯ ಒಂದು ಕೆರೆಯಂಗಳದಲ್ಲಿ. ಸಂಕ್ರಾಂತಿ ಕಳೆದರೆ ಅದು ಒಣಗಿ, ಹಪ್ಪಳದಂತೆ ಬಿರಿದು, ಮತ್ತೆ ಮಳೆ ಬರುವವರೆಗೆ ಚಪ್ಪಟೆ ಬಯಲು. ದೊಡ್ಡ ವಿಮಾನ ಮುಗಿಯುವ ಮೊದಲು ಕೈ ಪಳಗಿಸಲೆಂದು ಸಣ್ಣದೊಂದನ್ನು ಅಲ್ಲಿ ಹಾರಿಸುತ್ತಿದ್ದೆ. ಹುಡುಗ ಆಡುಗಳನ್ನು ಏರಿಯ ಮೇಲೆ ಬಿಟ್ಟು ಓಡಿಬಂದು ನಿಲ್ಲುತ್ತಿದ್ದ. ಒಂದು ದಿನ ವಿಮಾನ ಇಳಿದ ಮೇಲೆ ಅದರ ಗಾಜಿನೊಳಗೆ ಬಗ್ಗಿ ನೋಡಿ, ‘ಇದರೊಳಗೆ ಯಾರೂ ಇಲ್ವಾ ಸಾರ್?’ ಎಂದ. ಇಲ್ಲ ಎಂದೆ. ‘ಹಂಗಾದ್ರೆ ಬಿದ್ರೆ ನಿಮಗೇನೂ ಆಗಲ್ಲ’ ಎಂದು ತನಗೆ ತಾನೇ ಹೇಳಿಕೊಂಡು ಆಡುಗಳ ಕಡೆ ಹೋದ.

ಹುಡುಗನ ಮಾತು ನನ್ನ ಜೊತೆ ಮನೆಗೆ ಬಂತು. 1951ರಲ್ಲಿ ಎಚ್‌ಟಿ-2 ಮೊದಲು ಹಾರಿದಾಗ ಅದರೊಳಗೆ ಒಂದು ಜೀವ ಕೂತಿತ್ತು. ರಿವೆಟ್ ಹೊಡೆದ ಮಾವನಿಗೂ ಮೊಹರು ಹಾಕಿದ ಇನ್ಸ್‌ಪೆಕ್ಟರಿಗೂ ಅದು ಗೊತ್ತಿತ್ತು. ಹಾರಿಸುವವನಂತೂ ತನ್ನ ಪ್ರಾಣವನ್ನೇ ಅಡವಿಟ್ಟಿರುತ್ತಾನೆ; ಆದ್ದರಿಂದ ಅವನ ಎಚ್ಚರಿಕೆಗೆ ಬೇರೆ ಕಾವಲು ಬೇಡ. ಭಯವೇ ಅವನ ಕಾವಲುಗಾರ. ನಾನಾದರೋ ದಡದ ಮೇಲೆ ನಿಂತು ಈಜುವವನು. ವಿಮಾನ ಮೇಲೆ, ನಾನು ಕೆಳಗೆ. ತಪ್ಪು ನನ್ನದು, ಪೆಟ್ಟು ಯಾರದೋ. ಕಾನೂನು ಕೂಡ ನನ್ನ ರೆಕ್ಕೆಯೊಳಗೆ ಇಣುಕಿ ನೋಡುವುದಿಲ್ಲ. 2021ರ ಡ್ರೋನ್ ನಿಯಮಗಳು 25 ಕಿಲೋ ಮೀರದ, ಕಣ್ಣಳತೆಯಲ್ಲೇ ಹಾರಿಸುವ ಹವ್ಯಾಸದ ಮಾದರಿಗೆ ವಿನ್ಯಾಸದ ಪ್ರಮಾಣಪತ್ರ ಬೇಕೆಂದು ಕೇಳುವುದಿಲ್ಲ. ಎಲ್ಲಿ ಹಾರಿಸಬಹುದು, ಎಲ್ಲಿ ಕೂಡದು ಎಂಬ ಕಟ್ಟಳೆಯಿದೆ. ಒಳಗಿನ ಅಂಟು ಹಿಡಿದಿದೆಯೇ ಎಂದು ಕೇಳುವ ಇನ್ಸ್‌ಪೆಕ್ಟರು ಮಾತ್ರ ಇಲ್ಲ. ಹಾಗಾದರೆ ಭಯವೂ ಇಲ್ಲದ, ಮೊಹರೂ ಇಲ್ಲದ ಕಡೆ ಮನುಷ್ಯನನ್ನು ನೆಟ್ಟಗೆ ಇಡುವುದು ಯಾವುದು?

ಪ್ರಶ್ನೆ ಬರೀ ಪ್ರಶ್ನೆಯಾಗಿದ್ದರೆ ಅಲ್ಲಿಗೇ ಮರೆತುಬಿಡುತ್ತಿದ್ದೆನೋ ಏನೋ. ಅದಕ್ಕೆ ಮೈ ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ಮನೆಯಾಕೆ ನನ್ನ ಕೆಲಸದ ಬೆಂಚಿನ ಹಿಂದೆ ಗುಡಿಸುತ್ತಿದ್ದವಳು ಒಂದು ಪ್ಲಾಸ್ಟಿಕ್ ಬಟ್ಟಲು ಎತ್ತಿಕೊಟ್ಟಳು. ಎಪಾಕ್ಸಿ ಅಂಟು ಕಲಸಿದ ಬಟ್ಟಲು. ರಾಳ ಒಂದು ಪಾಲು, ಗಟ್ಟಿಕಾರಕ ಒಂದು ಪಾಲು. ಅಳತೆ ತಪ್ಪಿದರೆ ಅಥವಾ ಸರಿಯಾಗಿ ಕಲಸದಿದ್ದರೆ ಅಂಟು ಎಂದಿಗೂ ಕಲ್ಲಾಗುವುದಿಲ್ಲ, ರಬ್ಬರಿನಂತೆ ಉಳಿಯುತ್ತದೆ. ಅದಕ್ಕೇ ನಾನು ಪ್ರತಿ ಬಟ್ಟಲಿನ ಮೇಲೂ ತಾರೀಕು ಬರೆದು, ತಳದಲ್ಲಿ ಉಳಿದ ಅಂಟನ್ನು ಸಾಕ್ಷಿಗೆಂದು ಇಟ್ಟುಕೊಳ್ಳುತ್ತೇನೆ. ಈ ಬಟ್ಟಲು ಹೇಗೋ ಬೆಂಚಿನ ಹಿಂದೆ ಬಿದ್ದಿತ್ತು. ಉಗುರು ಒತ್ತಿ ನೋಡಿದೆ. ಉಗುರು ಒಳಗೆ ಹೋಯಿತು.

ಪುಸ್ತಕ ತೆರೆದು ತಾರೀಕು ಹುಡುಕಿದೆ. ಆ ದಿನ ಎರಡು ಕೆಲಸ ಮಾಡಿದ್ದೆ. ಒಂದು, ಎಡ ರೆಕ್ಕೆಯ ಬುಡದಲ್ಲಿ ಅಲ್ಯೂಮಿನಿಯಂ ಕೊಳವೆ ಕೂರುವ ಗೂಡನ್ನು ತೊಲೆಗೆ ಅಂಟಿಸಿದ್ದು. ಇನ್ನೊಂದು, ಕಾಕ್‌ಪಿಟ್ಟಿನಲ್ಲಿ ಬಾಲ್ಸಾದಿಂದ ಕೆತ್ತಿದ ಬೊಂಬೆ ಪೈಲಟ್ಟನ್ನು ಕೂರಿಸಿದ್ದು. ಎರಡಕ್ಕೂ ಬೇರೆ ಬೇರೆ ಅಂಟು ಕಲಸಿದ್ದೆ. ಈ ಬಟ್ಟಲು ಯಾವುದರದು ಎಂದು ಬರೆದಿರಲಿಲ್ಲ. ಎಡ ರೆಕ್ಕೆಯಾದರೋ ಮುಚ್ಚಿ, ಉಜ್ಜಿ, ಹಳದಿ ಬಣ್ಣ ಬಳಿಸಿಕೊಂಡು ಮದುಮಗಳಂತೆ ಗೋಡೆಗೊರಗಿ ನಿಂತಿತ್ತು. ಹೊರಗೆ ಥಳಕು, ಒಳಗೆ ಹುಳುಕು ಎಂಬ ಗಾದೆ ನೆನಪಾಯಿತು. ಹುಳುಕು ಇದೆಯೋ ಇಲ್ಲವೋ ಅದೇ ಗೊತ್ತಿಲ್ಲ.

ಮೂರು ದಿನ ನನ್ನೊಡನೆ ನಾನು ವಾದ ಮಾಡಿದೆ. ಜೊತೆಗೆ ಹಾರಿಸುವ ಗೆಳೆಯನನ್ನು ಕೇಳಿದೆ. ‘ಏನೂ ಆಗಲ್ಲ ಬಿಡಿ, ಮುಂದಿನ ವಾರ ಹಾರಿಸೋಣ’ ಎಂದ. ಆದರೂ ಒಂದು ಪರೀಕ್ಷೆ ಇರಲಿ ಎಂದು ವಿಮಾನವನ್ನು ಬೋರಲು ಹಾಕಿ, ರೆಕ್ಕೆಗಳ ಮೇಲೆ ಚೀಲಗಳಲ್ಲಿ 40 ಕಿಲೋ ಮರಳು ಹೇರಿದೆವು. ಗಾಳಿಯಲ್ಲಿ ಲಾಗ ಹಾಕುವಾಗ ಸುಮಾರಾಗಿ ಅಷ್ಟು ಭಾರ ಬೀಳುತ್ತದೆ. ರೆಕ್ಕೆ ಬಾಗಿತು, ಮುರಿಯಲಿಲ್ಲ. ಗೆಳೆಯ ಕೈ ಕುಲುಕಿದ. ನನಗೂ ಸಮಾಧಾನವಾಯಿತು. ಆದರೆ ಆ ಸಮಾಧಾನ ರಾತ್ರಿಯವರೆಗೂ ಉಳಿಯಲಿಲ್ಲ. ಮೆತ್ತಗಿನ ಅಂಟು ಹತ್ತು ನಿಮಿಷದ ಭಾರಕ್ಕೆ ಬಿಡದಿರಬಹುದು. ಎಂಜಿನ್ನಿನ ಅದುರಾಟಕ್ಕೆ, ಏಪ್ರಿಲ್ ಬಿಸಿಲಿಗೆ ಸ್ವಲ್ಪ ಸ್ವಲ್ಪವೇ ಜಾರುತ್ತ ಹೋಗಬಹುದು. ನಾನು ಆ ಪರೀಕ್ಷೆ ಮಾಡಿದ್ದು ಸತ್ಯ ತಿಳಿಯಲಿಕ್ಕೋ, ರೆಕ್ಕೆ ಕೊಯ್ಯುವುದನ್ನು ತಪ್ಪಿಸಿಕೊಳ್ಳಲಿಕ್ಕೋ?

ಆಗ ಹಿಂದೆಂದೋ ಓದಿದ್ದ ಒಂದು ದೃಷ್ಟಾಂತ ನೆನಪಿಗೆ ಬಂತು. ವಿಲಿಯಂ ಕ್ಲಿಫರ್ಡ್ ಎಂಬ ಇಂಗ್ಲೆಂಡಿನ ಗಣಿತಜ್ಞ 1877ರಲ್ಲಿ ಬರೆದದ್ದು. ಒಬ್ಬ ಹಡಗಿನ ಯಜಮಾನ. ಹಡಗು ಹಳತು, ಅದರ ಬಗ್ಗೆ ಅವನಿಗೆ ಸಂಶಯವಿದೆ. ಇಷ್ಟು ಸಲ ಹೋಗಿ ಬಂದಿದೆಯಲ್ಲ ಎಂದು ಮನಸ್ಸನ್ನು ಒಪ್ಪಿಸಿ, ಪ್ರಯಾಣಿಕರನ್ನು ತುಂಬಿ ಕಳಿಸುತ್ತಾನೆ. ಹಡಗು ಮುಳುಗಿದರೆ ಅವನು ಅಪರಾಧಿ, ಸರಿ. ಕ್ಲಿಫರ್ಡನ ಪ್ರಕಾರ ಹಡಗು ಸುರಕ್ಷಿತವಾಗಿ ದಡ ಸೇರಿದರೂ ಅವನು ಅಷ್ಟೇ ಅಪರಾಧಿ. ಆಗ ಅದು ಬಯಲಾಗುವುದಿಲ್ಲ ಅಷ್ಟೆ. ಓದಿದ ಕಾಲಕ್ಕೆ ಇದು ಅತಿಯಾಯಿತು ಎನ್ನಿಸಿತ್ತು. ಈಗ ನನಗೆ ಬೇರೊಂದು ಸಂಗತಿ ಕಾಣಿಸಿತು: ಆ ಯಜಮಾನ ಹಡಗು ಹತ್ತಲಿಲ್ಲ. ಹತ್ತುವವನಾಗಿದ್ದರೆ ಅವನ ಮನಸ್ಸು ಅಷ್ಟು ಸುಲಭವಾಗಿ ಒಪ್ಪುತ್ತಿತ್ತೇ?

ಇಲ್ಲಿ ನನ್ನದೇ ಒಂದು ಹಳೆಯ ಕತೆ ಹೇಳಬೇಕು. ಹೇಳದೆ ಹೋದರೆ ಈ ಪ್ರಬಂಧವೇ ಸುಳ್ಳು.

ನಾನು ನೌಕರಿ ಮಾಡಿದ್ದು ಒಂದು ತರಬೇತಿ ಶಾಲೆಯ ವರ್ಕ್‌ಶಾಪಿನಲ್ಲಿ. ಅಲ್ಲಿ ಸಾಣೆ ಯಂತ್ರಗಳಿದ್ದವು. ಸಾಣೆಯ ಚಕ್ರ ಬದಲಾಯಿಸುವಾಗ ಹೊಸ ಚಕ್ರವನ್ನು ಬೆರಳಲ್ಲಿ ತೂಗುಬಿಟ್ಟು ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ ನೋಡಬೇಕು. ಗಂಟೆಯಂತೆ ನಾದ ಬಂದರೆ ಸರಿ. ಮಡಕೆಯ ಬಿರುಕಿನ ಸದ್ದು ಬಂದರೆ ಒಳಗೆ ಸೀಳಿದೆ ಎಂದರ್ಥ. ಅಂಥದ್ದು ತಿರುಗುವಾಗ ಒಡೆದರೆ ಗುಂಡಿನಂತೆ ಸಿಡಿಯುತ್ತದೆ. ಇದನ್ನು ಹುಡುಗರಿಗೆ ಪಾಠ ಹೇಳುತ್ತಿದ್ದವನು ನಾನೇ. ರಿಜಿಸ್ಟರಿನಲ್ಲಿ ‘ಪರೀಕ್ಷಿಸಲಾಗಿದೆ’ ಎಂಬ ಕಲಂ ಇತ್ತು. ಒಂದು ವರ್ಷ, ಕೆಲಸದ ಒತ್ತಡವೋ ಸೋಮಾರಿತನವೋ, ನಾನು ಒಂದು ಚಕ್ರವನ್ನೂ ತಟ್ಟದೆ ಆ ಕಲಮಿಗೆ ಸಹಿ ಹಾಕಿದೆ. ಸಹಾಯಕ ಚಕ್ರ ಕೂರಿಸುತ್ತಿದ್ದ, ನಾನು ನನ್ನ ಕೋಣೆಯಲ್ಲಿ ಕೂತು ಸಹಿ ಮಾಡುತ್ತಿದ್ದೆ. ಯಂತ್ರದ ಮುಂದೆ ನಿಲ್ಲುತ್ತಿದ್ದವರು ಹದಿನಾರು ಹದಿನೇಳರ ಹುಡುಗರು. ಏನೂ ಆಗಲಿಲ್ಲ. ಆಗಲಿಲ್ಲವಾದ್ದರಿಂದ ಅದೊಂದು ತಪ್ಪೆಂದು ಕೂಡ ನಾನು ಎಣಿಸಿರಲಿಲ್ಲ. ಸನ್ಮಾನ ಮಾಡಿಸಿಕೊಂಡು, ಹಾರ ಹಾಕಿಸಿಕೊಂಡು ನಿವೃತ್ತನಾದೆ. ಅಂಟಿನ ಬಟ್ಟಲು ಕೈಯಲ್ಲಿ ಹಿಡಿದ ಆ ಮೂರನೆಯ ರಾತ್ರಿ, ಎಷ್ಟೋ ವರ್ಷಗಳ ಮೇಲೆ, ಆ ರಿಜಿಸ್ಟರು ನನ್ನ ಮುಂದೆ ತೆರೆದುಕೊಂಡಿತು. ಯಂತ್ರದ ಮುಂದೆ ನಾನೇ ನಿಲ್ಲಬೇಕಾಗಿದ್ದ ದಿನಗಳಲ್ಲಿ ಎಂದಾದರೂ ಚಕ್ರ ತಟ್ಟದೆ ಬಿಟ್ಟಿದ್ದೆನೇ? ಇಲ್ಲ. ಒಂದು ದಿನವೂ ಇಲ್ಲ.

ಮಾರನೆಯ ಬೆಳಿಗ್ಗೆ ರೆಕ್ಕೆಯನ್ನು ಬೆಂಚಿನ ಮೇಲೆ ಮಲಗಿಸಿ, ಹಳದಿ ಬಣ್ಣದ ಮೇಲೆ ಪೆನ್ಸಿಲಿನಿಂದ ಚೌಕ ಬರೆದು, ಬ್ಲೇಡು ಇಟ್ಟೆ. ನನ್ನ ಕೈಯಿಂದ ಉಜ್ಜಿ ನುಣುಪು ಮಾಡಿದ್ದನ್ನು ನನ್ನ ಕೈಯಿಂದಲೇ ಕೊಯ್ಯುವುದು ಸುಖದ ಕೆಲಸವಲ್ಲ. ತೆರೆದು, ದೀಪ ಬಿಟ್ಟು, ಕೊಳವೆಗೂಡಿನ ಅಂಟಿಗೆ ಮೊಳೆಯ ತುದಿ ಒತ್ತಿ ನೋಡಿದೆ. ಕಲ್ಲು. ಸುತ್ತಲೂ ಒತ್ತಿದೆ. ಎಲ್ಲ ಕಡೆಯೂ ಕಲ್ಲು.

ನನಗೆ ಮೊದಲು ಬಂದದ್ದು ಸಿಟ್ಟು. ಚೆಂದದ ರೆಕ್ಕೆಯನ್ನು ವೃಥಾ ಕೊಯ್ದೆನಲ್ಲ ಎಂದು. ಮನೆಯಾಕೆ ಕಾಫಿ ತಂದಿಟ್ಟು ವಿಷಯ ಕೇಳಿ, ‘ಒಳ್ಳೇದಾಯ್ತಲ್ಲ, ಈಗ ಗೊತ್ತಾಯ್ತು’ ಎಂದಳು. ಆಮೇಲೆ ಕಾಕ್‌ಪಿಟ್ಟಿನ ಗಾಜು ತೆಗೆದು ಬೊಂಬೆ ಪೈಲಟ್ಟನ್ನು ಎರಡು ಬೆರಳಲ್ಲಿ ಹಿಡಿದೆ. ಆಸನದ ಸಮೇತ ಅವನು ಕೈಗೆ ಬಂದ. ಇಬ್ಬರೂ ನಕ್ಕೆವು.

ಆ ಕೊಯ್ತ ವ್ಯರ್ಥವಾಯಿತೇ ಎಂದು ಆಮೇಲೆ ಬಹಳ ಯೋಚಿಸಿದ್ದೇನೆ. ಫಲದಿಂದ ಅಳೆದರೆ ವ್ಯರ್ಥವೇ. ಕೊಯ್ಯದೆ ಹಾರಿಸಿದ್ದರೂ ರೆಕ್ಕೆ ಗಟ್ಟಿಯಾಗಿಯೇ ಇರುತ್ತಿತ್ತು. ಆದರೆ ಸಾಣೆಯ ಚಕ್ರಗಳೂ ಗಟ್ಟಿಯಾಗಿಯೇ ಇದ್ದವು. ಎರಡು ಸಂದರ್ಭದಲ್ಲೂ ಯಾರಿಗೂ ಏನೂ ಆಗಲಿಲ್ಲ. ಫಲವನ್ನಷ್ಟೇ ನೋಡುವವನಿಗೆ ಎರಡೂ ಒಂದೇ. ನನಗೆ ಮಾತ್ರ ಒಂದೇ ಅಲ್ಲ. ಒಂದರಲ್ಲಿ ನಾನು ಇತರರ ತಲೆಯನ್ನು ನನ್ನ ಅದೃಷ್ಟದ ಮೇಲೆ ಇಟ್ಟಿದ್ದೆ, ಇನ್ನೊಂದರಲ್ಲಿ ಇಡಲಿಲ್ಲ. ಗೆಳೆಯ ‘ಏನೂ ಆಗಲ್ಲ’ ಎಂದದ್ದು ನಿಜವಾಯಿತು, ಆದರೂ ಅವನ ಮಾತು ಸರಿಯಾಗಿರಲಿಲ್ಲ. ಏಕೆಂದರೆ ಅದನ್ನು ಹೇಳುವ ಹಕ್ಕು ಅವನಿಗಾಗಲಿ ನನಗಾಗಲಿ ಆಗ ಇರಲಿಲ್ಲ. ಆ ಮಾತು ಹೇಳಬಹುದಾದವನು ಕೆಳಗೆ ನಿಲ್ಲುವ ಹುಡುಗ ಒಬ್ಬನೇ, ಅವನನ್ನು ಯಾರೂ ಕೇಳಿರಲಿಲ್ಲ.

ಹುಡುಗನ ಪ್ರಶ್ನೆಗೆ ನನ್ನಲ್ಲಿ ದೊಡ್ಡ ಉತ್ತರವೇನೂ ಇಲ್ಲ. ಒಂದು ಉಪಾಯವಿದೆ ಅಷ್ಟೆ. ಒಳಗೆ ಕೂರದವನು, ಕೂತಿದ್ದೇನೆಂದು ಎಣಿಸಿ ಕೆಲಸ ಮಾಡುವುದು. ಭಯ ತಾನಾಗಿ ಬರುವುದಿಲ್ಲವಾದ್ದರಿಂದ ಅದನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುವುದು. ಇದು ಮಾದರಿ ವಿಮಾನಕ್ಕೆ ಮಾತ್ರ ಸಲ್ಲುವ ಮಾತಲ್ಲ. ಮೋರಿಯ ಸೇತುವೆಗೆ ಸಿಮೆಂಟು ಕಲಸುವವನು ಅದರ ಮೇಲೆ ಬಸ್ಸಿನಲ್ಲಿ ಹೋಗುವವನಲ್ಲ. ಕಡತಕ್ಕೆ ಸಹಿ ಹಾಕುವವನು ಆ ಕಡತದ ಊರಿನಲ್ಲಿ ಇರುವವನಲ್ಲ. ಈಗೀಗ ಎಲ್ಲರ ಕೈಗೂ ಒಂದಲ್ಲ ಒಂದು ರಿಮೋಟು ಬಂದಿದೆ.

ಮಾರ್ಚಿಯ ಒಂದು ಬೆಳಿಗ್ಗೆ, ಗಾಳಿ ಏಳುವ ಮುಂಚೆ, ಕೆರೆಯಂಗಳದಲ್ಲಿ ಎಚ್‌ಟಿ-2 ಹಾರಿತು. ರೇಡಿಯೋ ಶಕ್ತಿಯನ್ನು ತಗ್ಗಿಸಿ 30 ಹೆಜ್ಜೆ ದೂರ ಹೋಗಿ ಪರೀಕ್ಷಿಸಿದೆವು, ಎಂಜಿನ್ ನಿಲ್ಲಿಸಿ ಒಮ್ಮೆ, ಓಡಿಸಿ ಒಮ್ಮೆ. ಹುಡುಗನನ್ನು ನಮ್ಮ ಬೆನ್ನ ಹಿಂದಿನ ಗೆರೆಯಾಚೆ ನಿಲ್ಲಿಸಿದೆ. ಅವನು ಕಾಕ್‌ಪಿಟ್ಟಿನಲ್ಲಿದ್ದ ಬೊಂಬೆಯನ್ನು ನೋಡಿ ತೃಪ್ತನಾದಂತೆ ಕಂಡ. ಏಳು ನಿಮಿಷ ಹಾರಿಸಿ ಇಳಿಸಿದೆ. ಕಾಲು ನಡುಗುತ್ತಿತ್ತು.

ರೆಕ್ಕೆಯ ಮೇಲಿನ ತೇಪೆಗೆ ಹಚ್ಚಿದ ಹಳದಿ ಹೊಂದಿರಲಿಲ್ಲ, ಎದ್ದು ಕಾಣುತ್ತಿತ್ತು. ಬಿದ್ದಿತ್ತೇ ಎಂದು ಕೇಳಿದವರಿಗೆಲ್ಲ ನಾನು ಈ ಕತೆಯನ್ನು ಹೇಳತೊಡಗಿದೆ. ಹೇಳುತ್ತ ಹೇಳುತ್ತ ಒಂದು ದಿನ ನನ್ನ ದನಿಯಲ್ಲಿ ಸನ್ಮಾನದ ಹಾರದ ವಾಸನೆ ನನಗೇ ಬಡಿಯಿತು. ಸಾಣೆ ಚಕ್ರದ ಭಾಗವನ್ನು ನಾನು ಯಾರಿಗೂ ಹೇಳುತ್ತಿರಲಿಲ್ಲ. ಮಳೆಗಾಲದಲ್ಲಿ ವಿಮಾನ ಮನೆಯಲ್ಲಿದ್ದಾಗ ಬಣ್ಣ ಹೊಂದಿಸಿ ಇಡೀ ರೆಕ್ಕೆಗೆ ಬಳಿದುಬಿಟ್ಟೆ. ಈಗ ತೇಪೆ ಎಲ್ಲಿದೆಯೆಂದು ಹುಡುಕಿದರೂ ಸಿಗದು. ಬಟ್ಟಲುಗಳ ಮೇಲೆ ತಾರೀಕಿನ ಜೊತೆ, ಅಂಟು ಯಾವ ಕೆಲಸದ್ದು ಎಂಬುದನ್ನೂ ಬರೆಯುತ್ತಿದ್ದೇನೆ.